ಕುಂಟುತ್ತಾ ಬೆಟ್ಟ ಹತ್ತಿದ ಯಾತ್ರಿಕರು – ಲೊಯೋಲದ ಸಂತ ಇಗ್ನೇಷಿಯಸ್

ಬೆಟ್ಟಕ್ಕೆ ಬರುವ ಭಕ್ತಾದಿಗಳಲ್ಲಿ ಸಂತ ಅಂತೋಣಿಯವರನ್ನು ಅರಿಯದವರಿಲ್ಲ. ಸಂತ ಫ್ರಾನ್ಸಿಸ್ ಕ್ಷೇವಿಯರ್ ಅವರ ಹೆಸರನ್ನು ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಇಟ್ಟಿರುತ್ತಾರೆ. ಆದರೆ ಆ ಕ್ಷೇವಿಯರ್ ಅವರನ್ನು ನಮ್ಮ ಭಾರತಕ್ಕೆ ಕಳುಹಿಸಿಕೊಟ್ಟ ಲೊಯೋಲದ ಸಂತ ಇಗ್ನೇಷಿಯಸ್ ಅವರ ಹೆಸರು ಹೇಳಿದರೆ ಯಾವುದೋ ಕಾಲೇಜಿನ ಹೆಸರಿರಬೇಕು ಅನ್ನೋರೇ ಜಾಸ್ತಿ. ಸ್ಕೂಲು ಕಾಲೇಜುಗಳ ಬೋರ್ಡಿನ ಮೇಲೆ ಅವರ ಹೆಸರಿರುವುದು ನಿಜ. ಆದರೆ ಅವರು ತಮ್ಮ ಕಡೆಗಾಲದಲ್ಲಿ ಜೀವನದ ಕಥೆಯನ್ನು ಬಾಯಲ್ಲಿ ಹೇಳಿ ಬರೆಯಿಸುವಾಗ ತಮ್ಮನ್ನು ನಾನು ಅಂತ ಕರೆದುಕೊಳ್ಳಲಿಲ್ಲ, ಇಗ್ನೇಷಿಯಸ್ ಅಂತಲೂ ಕರೆದುಕೊಳ್ಳಲಿಲ್ಲ. ಉದ್ದಕ್ಕೂ ಯಾತ್ರಿಕ ಎಂದೇ ಹೇಳಿ ಬರೆಯಿಸಿದರು. ಆದ್ದರಿಂದ ಯಾತ್ರಿಕರಿಗಾಗಿಯೇ ಇರುವ ಈ ಪುಸ್ತಿಕೆಯಲ್ಲಿ ಅವರಿಗೆ ಜಾಗ ಸಲ್ಲಲೇಬೇಕು. ಇನ್ನೊಂದು ಕಾರಣವೂ ಉಂಟು. ಈ ಯಾತ್ರಿಕರಿಗೆ ಒಂದು ಕಾಲು ಗಿಡ್ಡ ಇತ್ತು.

ದೇವಾಲಯದ ಆಫೀಸಿನಲ್ಲಿ ಪೂಜೆಯ ರಸೀತಿ ಬರೆಯುವುದು ನನ್ನ ಕೆಲಸ. ಊರು ಸೂಲಿಬೆಲೆ. ನಮ್ಮ ಹೊಸಕೋಟೆ, ದೇವನಹಳ್ಳಿ ಕಡೆಯಿಂದ ಬರೋ ಜನ ರಸೀತಿ ಬರೆಸುವಾಗ ಪೂಜೆ ಯಾತಕ್ಕೆ ಅಂತ ಹೇಳ್ತಾರೆ. ಮಗಳ ಮದುವೆ, ಬೋರ್‌ವೆಲ್‌ನಲ್ಲಿ ನೀರು, ಸಾಲ, ಪರೀಕ್ಷೆ ಇವು ಮಾಮೂಲು. ಗಾಡಿಯಿಂದ ಬಿದ್ದು ಕೈಕಾಲು ಮುರಿದುಕೊಂಡವರ ಹೆಸರು ಈಗೀಗ ವಾರಕ್ಕೆ ಎರಡು ಮೂರಾದರೂ ಬರುತ್ತೆ. ಅವರಲ್ಲಿ ಕೆಲವರು ಪುಣ್ಯಕ್ಷೇತ್ರಕ್ಕೆ ಹೊರಟ ದಾರಿಯಲ್ಲೇ ಬಿದ್ದವರು. ಇವರು ಮಾತ್ರ ರಸೀತಿ ತಗೊಂಡ ಮೇಲೂ ಕಿಟಕಿ ಬಿಟ್ಟು ಹೋಗೋದಿಲ್ಲ. ದೇವರ ಹತ್ತಿರ ಬರೋವಾಗಲೇ ಹಿಂಗಾಯ್ತಲ್ಲ, ಹರಕೆಯಲ್ಲಿ ಏನಾದ್ರೂ ತಪ್ಪಾಯ್ತಾ, ಬರಬಾರದು ಅಂತ ಸೂಚನೆಯಾ ಅಂತ ಕೇಳ್ತಾರೆ. ಉತ್ತರ ಹೇಳೋಕೆ ನಾನು ಗುರುಗಳಲ್ಲ, ಬರೀ ಕ್ಲರ್ಕು. ಆದರೆ ಇಗ್ನೇಷಿಯಸ್ ಅವರ ಕಾಲಿನ ಕಥೆಯನ್ನು ಪೂರ್ತಿಯಾಗಿ ಬಲ್ಲೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಇವರು ಹುಟ್ಟಿದ್ದು 1491ರಲ್ಲಿ, ಸ್ಪೇನ್ ದೇಶದ ಉತ್ತರದ ಬಾಸ್ಕ್ ನಾಡಿನಲ್ಲಿ, ಅಸ್ಪೇತಿಯ ಎಂಬ ಊರಿನ ಹತ್ತಿರದ ಲೊಯೋಲ ಮನೆತನದ ಕೋಟೆಮನೆಯಲ್ಲಿ. ಮನೆಯವರು ಇಟ್ಟ ಹೆಸರು ಇನ್ಯೀಗೊ. ಇಗ್ನೇಷಿಯಸ್ ಎಂಬುದು ಅವರು ಆಮೇಲೆ ಇಟ್ಟುಕೊಂಡದ್ದು. 13 ಮಕ್ಕಳಲ್ಲಿ ಕಡೆಯವರು ಎಂದು ಹೇಳುತ್ತಾರೆ. ತಾಯಿ ಬೇಗನೆ ತೀರಿಕೊಂಡಿದ್ದರಿಂದ ಹತ್ತಿರದ ಕಮ್ಮಾರನ ಹೆಂಡತಿ ಹಾಲುಣಿಸಿ ಸಾಕಿದಳು. ಹದಿನೈದು ಹದಿನಾರರ ವಯಸ್ಸಿಗೆ ರಾಜನ ಖಜಾನೆ ನೋಡಿಕೊಳ್ಳುತ್ತಿದ್ದ ದೊಡ್ಡ ಅಧಿಕಾರಿಯ ಮನೆಗೆ ಹೋಗಿ ಸೇರಿದರು. ಅಲ್ಲಿ ಕಲಿತದ್ದು ಕತ್ತಿವರಸೆ, ಕುದುರೆ ಸವಾರಿ, ಅಂದವಾದ ಅಕ್ಷರ ಬರೆಯುವುದು ಮತ್ತು ಬೇಕಾದಷ್ಟು ಜಂಬ. ಕೂದಲು ಉದ್ದ ಬಿಟ್ಟುಕೊಂಡು, ಬಣ್ಣಬಣ್ಣದ ಬಟ್ಟೆ ಹಾಕಿಕೊಂಡು ಮೆರೆಯುತ್ತಿದ್ದರು. ಜಗಳ, ಜೂಜು, ಹೆಂಗಸರ ಚಪಲ ಎಲ್ಲವೂ ಇತ್ತು. ಸಂತರಾದ ಮೇಲೆ ಇದನ್ನೆಲ್ಲ ಅವರು ಮುಚ್ಚಿಡಲಿಲ್ಲ. ಆದ್ದರಿಂದ ನಾವೂ ಮುಚ್ಚಿಡಬೇಕಾಗಿಲ್ಲ.

ಆ ಅಧಿಕಾರಿ 1517ರಲ್ಲಿ ತೀರಿಕೊಂಡರು. ಇನ್ಯೀಗೊ ನವಾರ ಪ್ರಾಂತ್ಯದ ಆಡಳಿತ ನಡೆಸುತ್ತಿದ್ದ ಡ್ಯೂಕ್ ಒಬ್ಬರ ಸೇವೆಗೆ ಸೇರಿದರು. 1521ರಲ್ಲಿ ಫ್ರೆಂಚರ ಸೈನ್ಯ ಬಂದು ಪಾಂಪ್ಲೋನ ಪಟ್ಟಣದ ಕೋಟೆಗೆ ಮುತ್ತಿಗೆ ಹಾಕಿತು. ಕೋಟೆಯೊಳಗೆ ಇದ್ದವರು ಕೆಲವೇ ಜನ. ಶರಣಾಗೋದೇ ಒಳ್ಳೇದು ಅಂತ ಎಲ್ಲರ ಅಭಿಪ್ರಾಯ. ಇನ್ಯೀಗೊ ಒಬ್ಬರೇ ಒಪ್ಪದೆ, ಉಳಿದವರಿಗೂ ಹುರುಪು ಹತ್ತಿಸಿ ಕಾದಾಟಕ್ಕೆ ನಿಲ್ಲಿಸಿದರು. ಮೇ 20ರಂದು ತೋಪಿನ ಗುಂಡು ಬಂದು ಬಲಗಾಲನ್ನು ಮುರಿಯಿತು. ಎರಡು ಕಾಲಿನ ನಡುವೆ ಹಾದು ಎಡಗಾಲಿಗೂ ಗಾಯ ಮಾಡಿತು. ಅವರು ಬಿದ್ದ ಕೂಡಲೇ ಕೋಟೆಯೂ ಬಿತ್ತು. ಆಗ ಅವರಿಗೆ ಮೂವತ್ತು ವರ್ಷ.

ಫ್ರೆಂಚರು ಗಾಯಗೊಂಡ ಶತ್ರುವನ್ನು ಮರ್ಯಾದೆಯಿಂದ ನೋಡಿಕೊಂಡರು. ತಮ್ಮ ವೈದ್ಯರಿಂದಲೇ ಕಾಲು ಕಟ್ಟಿಸಿ, ಹನ್ನೆರಡು ಹದಿನೈದು ದಿನದ ಮೇಲೆ ಡೋಲಿಯಲ್ಲಿ ಮಲಗಿಸಿ ಅವರ ಊರಿಗೆ ಕಳುಹಿಸಿದರು. ಗುಡ್ಡಗಾಡಿನ ದಾರಿ. ಹೊತ್ತವರು ಎಡವಿದಾಗೆಲ್ಲ ಮುರಿದ ಮೂಳೆ ಅಲುಗಾಡುತ್ತೆ. ಮನೆ ಸೇರಿ ಬೇರೆ ವೈದ್ಯರನ್ನು ಕರೆಸಿ ನೋಡಿದರೆ ಮೂಳೆ ತನ್ನ ಜಾಗದಲ್ಲಿ ಇರಲಿಲ್ಲ. ಮೊದಲೇ ಸರಿಯಾಗಿ ಕೂರಿಸಿರಲಿಲ್ಲವೋ, ದಾರಿಯಲ್ಲಿ ಸರಿದುಹೋಯಿತೋ, ಅಂತೂ ಮತ್ತೆ ಮುರಿದು ಕೂರಿಸಬೇಕು ಅಂದರು. ಮೂಳೆ ಮುರಿದರೆ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬರೋರು ನಮ್ಮ ಕಡೆ ಈಗಲೂ ಇದ್ದಾರೆ. ಆ ನೋವು ಏನು ಅಂತ ಅವರಿಗೆ ಗೊತ್ತು. ಆಗಿನ ಕಾಲಕ್ಕೆ ಮತ್ತು ಬರಿಸುವ ಔಷಧ ಇರಲಿಲ್ಲ. ಇನ್ಯೀಗೊ ಮುಷ್ಟಿ ಬಿಗಿಹಿಡಿದು ಮಲಗಿದರು, ತುಟಿ ಎರಡು ಮಾಡಲಿಲ್ಲ.

ಆಮೇಲೆ ಸ್ಥಿತಿ ಕೆಟ್ಟಿತು. ಊಟ ಸೇರದೆ ಹೋಯಿತು. ಜೂನ್ 24, ಸ್ನಾನಿಕ ಸಂತ ಯೊವಾನ್ನರ ಹಬ್ಬದ ದಿನ ಪಾಪನಿವೇದನೆ ಮಾಡಿಸಿ ಕೊನೆಯ ಸಂಸ್ಕಾರಗಳನ್ನು ಕೊಡಿಸಿದರು. ಸಂತ ಪೇತ್ರ ಪೌಲರ ಹಬ್ಬದ ಹಿಂದಿನ ರಾತ್ರಿ, ನಡುರಾತ್ರಿಯೊಳಗೆ ಗುಣ ಕಾಣದಿದ್ದರೆ ಬದುಕುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟರು. ಇನ್ಯೀಗೊ ಅವರಿಗೆ ಸಂತ ಪೇತ್ರರ ಮೇಲೆ ಮೊದಲಿಂದಲೂ ಭಕ್ತಿ. ಅದೇ ರಾತ್ರಿಯಿಂದ ಜ್ವರ ಇಳಿಮುಖವಾಗಿ ಪ್ರಾಣ ಉಳಿಯಿತು.

ಇಲ್ಲಿಗೆ ಮನಸ್ಸು ಬದಲಾಗಿ ಸಂತರಾದರು ಅಂತ ಬರೆದುಬಿಟ್ಟರೆ ಕಥೆ ಚಿಕ್ಕದಾಗುತ್ತೆ, ಆದರೆ ಸುಳ್ಳಾಗುತ್ತೆ. ಜೀವ ಉಳಿದ ಮೇಲೆ ಇನ್ಯೀಗೊ ಮೊದಲು ನೋಡಿಕೊಂಡದ್ದು ತಮ್ಮ ಕಾಲಿನ ಅಂದವನ್ನು. ಮಂಡಿಯ ಕೆಳಗೆ ಮೂಳೆಯ ಒಂದು ತುಂಡು ಉಬ್ಬಿಕೊಂಡು ನಿಂತಿತ್ತು. ಕಾಲು ಗಿಡ್ಡವಾಗಿತ್ತು. ಆಗಿನ ರಾಜಮನೆತನದವರು ಹಾಕುತ್ತಿದ್ದ ಬಿಗಿಯಾದ ಬೂಟು ಆ ಕಾಲಿಗೆ ಹಿಡಿಸುವಂತಿರಲಿಲ್ಲ. ಅದನ್ನು ಕೊಯ್ದು ತೆಗೆಯಿರಿ ಎಂದರು. ಇಷ್ಟು ದಿನ ಪಟ್ಟ ನೋವಿಗಿಂತ ಇದು ಹೆಚ್ಚಿನ ನೋವು ಎಂದು ವೈದ್ಯರು ಎಚ್ಚರಿಸಿದರು. ಅಣ್ಣ ಮಾರ್ತೀನ್ ಹೆದರಿ, ತಾನಾದರೆ ಇದನ್ನು ತಡೆಯಲಾರೆ ಎಂದರು. ಇನ್ಯೀಗೊ ಕೇಳಲಿಲ್ಲ. ಉಬ್ಬಿದ ಮೂಳೆಯನ್ನು ಕೊಯ್ದರು, ಕಾಲು ಉದ್ದವಾಗಲಿ ಅಂತ ಯಂತ್ರ ಕಟ್ಟಿ ದಿನಗಟ್ಟಲೆ ಎಳೆದರು. ಸಂತರಾಗುವ ಮುಂಚೆ ಅವರು ಪಟ್ಟ ದೊಡ್ಡ ಹಿಂಸೆ ದೇವರಿಗಾಗಿ ಪಟ್ಟದ್ದಲ್ಲ, ಬೂಟಿಗಾಗಿ ಪಟ್ಟದ್ದು. ಇಷ್ಟೆಲ್ಲ ಮಾಡಿಯೂ ಕಾಲು ಪೂರ್ತಿ ಸರಿಹೋಗಲಿಲ್ಲ.

ಮೈ ಗಟ್ಟಿಯಾಗಿದೆ, ಕಾಲು ಊರುವಂತಿಲ್ಲ, ಮಲಗಿರಲೇಬೇಕು. ಹೊತ್ತು ಹೋಗದೆ ಶೂರರ ಕಥೆ, ಪ್ರೇಮದ ಕಥೆಗಳ ಪುಸ್ತಕ ತಂದುಕೊಡಿ ಎಂದರು. ಮನೆಯಲ್ಲಿ ಅಂಥವು ಒಂದೂ ಇರಲಿಲ್ಲ. ಇದ್ದದ್ದು ಎರಡೇ. ಸಾಕ್ಸನಿಯ ಲೂದೊಲ್ಫ್ ಎಂಬ ಸನ್ಯಾಸಿ ಬರೆದ ಯೇಸುಸ್ವಾಮಿಯ ಜೀವನ ಒಂದು, ಸಂತರ ಚರಿತ್ರೆಗಳ ಪುಸ್ತಕ ಇನ್ನೊಂದು. ಬೇರೆ ಗತಿಯಿಲ್ಲದೆ ಅವನ್ನೇ ಓದಿದರು. ಓದುತ್ತಾ ಓದುತ್ತಾ ರುಚಿ ಹತ್ತಿತು. ಮೆಚ್ಚಿದ ಭಾಗಗಳನ್ನು ಒಂದು ದಪ್ಪ ಪುಸ್ತಕದಲ್ಲಿ ನಕಲು ಮಾಡತೊಡಗಿದರು. ಸುಮಾರು 300 ಹಾಳೆ ಆಯಿತಂತೆ. ಯೇಸುಸ್ವಾಮಿಯ ಮಾತುಗಳನ್ನು ಕೆಂಪು ಶಾಯಿಯಲ್ಲಿ, ಮಾತೆ ಮರಿಯಮ್ಮನವರ ಮಾತುಗಳನ್ನು ನೀಲಿ ಶಾಯಿಯಲ್ಲಿ ಬರೆದರು. ಜೀವಮಾನವೆಲ್ಲ ಲೆಡ್ಜರ್ ಬರೆದ ನನ್ನಂಥವನಿಗೆ ಈ ಎರಡು ಬಣ್ಣದ ಶಾಯಿ ವಿಷಯ ಬಹಳ ಹಿಡಿಸುತ್ತೆ.

ಆ ಹಾಸಿಗೆಯಲ್ಲಿ ನಡೆದ ದೊಡ್ಡ ಸಂಗತಿ ಏನೆಂದರೆ, ಅವರು ತಮ್ಮ ಮನಸ್ಸನ್ನು ತಾವೇ ಗಮನಿಸಿದರು. ಓದು ಬಿಟ್ಟು ಸುಮ್ಮನೆ ಮಲಗಿದಾಗ ಎರಡು ಥರದ ಯೋಚನೆ ಬರುತ್ತಿತ್ತು. ಒಂದು, ಯಾರೋ ಒಬ್ಬ ದೊಡ್ಡ ಮನೆತನದ ಹೆಣ್ಣಿನ ಬಗ್ಗೆ. ಅವಳ ಮುಂದೆ ಹೇಗೆ ಹೋಗಿ ನಿಲ್ಲಬೇಕು, ಏನು ಮಾತಾಡಬೇಕು, ಏನು ಸಾಹಸ ತೋರಿಸಬೇಕು ಅಂತ ಮೂರು ನಾಲ್ಕು ಗಂಟೆ ಕಳೆದುಹೋಗುತ್ತಿತ್ತು. ಇನ್ನೊಂದು, ಸಂತ ಫ್ರಾನ್ಸಿಸ್ ಅಸ್ಸಿಸಿ ಮಾಡಿದ್ದನ್ನು, ಸಂತ ದೊಮಿನಿಕ್ ಮಾಡಿದ್ದನ್ನು ತಾನು ಯಾಕೆ ಮಾಡಬಾರದು, ಬರಿಗಾಲಲ್ಲಿ ಜೆರುಸಲೇಮಿಗೆ ಯಾಕೆ ಹೋಗಬಾರದು ಅಂತ. ಯೋಚಿಸುವಾಗ ಎರಡೂ ಸುಖವಾಗಿಯೇ ಇರುತ್ತಿದ್ದವು. ವ್ಯತ್ಯಾಸ ಇದ್ದದ್ದು ಆಮೇಲೆ. ಮೊದಲನೇ ಯೋಚನೆ ಮುಗಿದ ಮೇಲೆ ಮನಸ್ಸು ಒಣಗಿ ಬರಿದಾಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿದಿರುತ್ತಿತ್ತು. ಬಹಳ ದಿನ ಇದು ಅವರ ಗಮನಕ್ಕೆ ಬರಲಿಲ್ಲ. ಒಂದು ದಿನ ಕಣ್ಣು ತೆರೆದಂತಾಗಿ, ಯಾವುದು ಎಲ್ಲಿಂದ ಬರುತ್ತಿದೆ ಅಂತ ವಿಚಾರ ಮಾಡಲು ಶುರು ಮಾಡಿದರು. ಇಂದಿಗೂ ಪ್ರಪಂಚದ ತುಂಬ ಧ್ಯಾನಕೂಟಗಳಲ್ಲಿ ಗುರುಗಳು ಕಲಿಸುವ ವಿವೇಚನೆ ಎಂಬ ಪಾಠ ಹುಟ್ಟಿದ್ದು ಇಲ್ಲಿ, ಈ ಮುರಿದ ಕಾಲಿನ ಮಂಚದ ಮೇಲೆ.

ಇಲ್ಲಿ ಒಂದು ಮಾತು. ಗುಂಡನ್ನು ದೇವರು ಹಾರಿಸಿದ ಅಂತ ಇಗ್ನೇಷಿಯಸ್ ಎಲ್ಲೂ ಹೇಳಿಸಿಲ್ಲ. ತನ್ನ ಪಾಪಕ್ಕೆ ಕಾಲು ಹೋಯಿತು ಅಂತಲೂ ಹೇಳಿಸಿಲ್ಲ. ಗುಂಡು ಹಾರಿಸಿದವರು ಫ್ರೆಂಚರು, ಹಟ ಹಿಡಿದು ಅದರ ಮುಂದೆ ನಿಂತವರು ಇವರು. ಬಿದ್ದವನ ಹತ್ತಿರ ದೇವರು ಬಂದು ಕೂತದ್ದು ಆಮೇಲೆ. ನಮ್ಮ ಜನ ಬಿದ್ದ ಕೂಡಲೇ ತಪ್ಪು ಹುಡುಕೋಕೆ ಹೊರಡ್ತಾರೆ, ಆ ಗಾಬರಿಯಲ್ಲಿ ಹಾಸಿಗೆಯ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನೋಡೋದಿಲ್ಲ ಅಂತ ನನಗೆ ಅನ್ನಿಸುತ್ತೆ. ಮನೆಗೆ ಬಂದ ಪರಾಮರ್ಶೆಯವರೂ ಅದೇ ಕೇಳ್ತಾರೆ, ಎಂಥಾ ಗಳಿಗೆಯಲ್ಲಿ ಹೊರಟಿರಿ ಅಂತ.

1522ರ ಮೊದಲಲ್ಲಿ, ಸುಮಾರು ಒಂಬತ್ತು ತಿಂಗಳು ಮಲಗಿದ ಮೇಲೆ, ಇನ್ಯೀಗೊ ಹೇಸರಗತ್ತೆ ಏರಿ ಮನೆ ಬಿಟ್ಟರು. ಅಣ್ಣನಿಗೆ ಅನುಮಾನ. ಕೋಣೆ ಕೋಣೆಗೆ ಕರೆದುಕೊಂಡು ಹೋಗಿ, ಜನ ನಿನ್ನ ಮೇಲೆ ಎಷ್ಟು ಆಸೆ ಇಟ್ಟಿದ್ದಾರೆ ನೋಡು, ಬಾಳನ್ನು ಹಾಳು ಮಾಡಿಕೊಳ್ಳಬೇಡ ಎಂದು ಬೇಡಿಕೊಂಡರು. ಇವರು ಸತ್ಯವನ್ನು ಪೂರ್ತಿ ಹೇಳದೆ, ಸುಳ್ಳನ್ನೂ ಹೇಳದೆ ಜಾರಿಕೊಂಡರು. ದಾರಿಯಲ್ಲಿ ಅರಾಂಸಸು ಎಂಬಲ್ಲಿ ಮಾತೆ ಮರಿಯಮ್ಮನವರ ಗುಡಿಯಲ್ಲಿ ಒಂದು ರಾತ್ರಿ ಜಾಗರಣೆ ಮಾಡಿದರು. ಡ್ಯೂಕ್ ಅವರಿಂದ ಬರಬೇಕಿದ್ದ ಸಂಬಳದ ಬಾಕಿ ವಸೂಲು ಮಾಡಿ, ಅದರಲ್ಲಿ ತಾವು ಋಣ ಇಟ್ಟುಕೊಂಡಿದ್ದವರಿಗೆ ಕೊಟ್ಟು, ಉಳಿದದ್ದನ್ನು ಹಾಳಾಗಿದ್ದ ಒಂದು ಮರಿಯಮ್ಮನವರ ಸ್ವರೂಪದ ರಿಪೇರಿಗೆ ಕೊಟ್ಟರು. ಲೆಕ್ಕ ಚುಕ್ತಾ ಮಾಡಿಯೇ ಯಾತ್ರೆಗೆ ಹೊರಟರು ಅನ್ನಿ.

ಕಾಲು ವಾಸಿಯಾದಷ್ಟು ಬೇಗ ಬುದ್ಧಿ ವಾಸಿಯಾಗಲಿಲ್ಲ. ದಾರಿಯಲ್ಲಿ ಒಬ್ಬ ಮುಸಲ್ಮಾನ ಪ್ರಯಾಣಿಕ ಜೊತೆಯಾದ. ಮಾತಿಗೆ ಮಾತು ಬೆಳೆದು ಮಾತೆ ಮರಿಯಮ್ಮನವರ ಕನ್ಯತ್ವದ ವಿಷಯದಲ್ಲಿ ವಾದವಾಯಿತು. ಆ ಮನುಷ್ಯ ತನ್ನ ಅಭಿಪ್ರಾಯ ಹೇಳಿ ಮುಂದೆ ಹೋದ. ಇವರಿಗೆ ಸಿಟ್ಟು ತಡೆಯಲಿಲ್ಲ. ಬೆನ್ನಟ್ಟಿ ಹೋಗಿ ಕಠಾರಿಯಿಂದ ತಿವಿಯಬೇಕೋ ಬೇಡವೋ ಎಂಬ ಗೊಂದಲಕ್ಕೆ ಬಿದ್ದರು. ತೀರ್ಮಾನ ಮಾಡಲಾರದೆ ಹೇಸರಗತ್ತೆಯ ಹಗ್ಗ ಸಡಿಲ ಬಿಟ್ಟರು. ಅದು ಆ ಮನುಷ್ಯ ಹೋದ ಹಳ್ಳಿಯ ಅಗಲವಾದ ದಾರಿ ಬಿಟ್ಟು ಹೆದ್ದಾರಿ ಹಿಡಿಯಿತು. ಒಬ್ಬ ಅಮಾಯಕನ ಜೀವ ಉಳಿಯಿತು, ಇವರು ಕೊಲೆಗಾರರಾಗುವುದೂ ತಪ್ಪಿತು. ಒಂಬತ್ತು ತಿಂಗಳು ಪವಿತ್ರ ಪುಸ್ತಕ ಓದಿ ಬಂದವರ ಸ್ಥಿತಿ ಇದು. ಇದನ್ನೂ ಅವರೇ ಹೇಳಿ ಬರೆಯಿಸಿದ್ದಾರೆ, ತಾವು ಆಗ ಎಷ್ಟು ಕುರುಡರಾಗಿದ್ದೆವು ಎಂದು ತೋರಿಸಲಿಕ್ಕೆ.

ಮುಂದೆ ಮೊಂತ್ಸೆರಾತ್. ಸ್ಪೇನಿನ ಪೂರ್ವದಲ್ಲಿ, ಬಾರ್ಸಿಲೋನ ನಗರದ ಒಳನಾಡಿಗೆ ಇರುವ ಬೆಟ್ಟ ಇದು. ಗರಗಸದ ಹಲ್ಲಿನ ಹಾಗೆ ಬಂಡೆಗಳು ನಿಂತಿರುವುದರಿಂದ ಆ ಹೆಸರು. ತುದಿ ಸುಮಾರು 1,236 ಮೀಟರ್, ನಮ್ಮ ನಂದಿಬೆಟ್ಟಕ್ಕಿಂತ ಸ್ವಲ್ಪ ತಗ್ಗು. ಬೆಟ್ಟದ ಮಧ್ಯೆ ಬೆನೆಡಿಕ್ಟನ್ ಸನ್ಯಾಸಿಗಳ ಮಠ, ಅಲ್ಲಿ ಕಪ್ಪು ಬಣ್ಣದ ಮಾತೆ ಮರಿಯಮ್ಮನವರ ಮರದ ಸ್ವರೂಪ. ಆಗಲೂ ಸಾವಿರಾರು ಭಕ್ತರು ಬರುತ್ತಿದ್ದರು, ಈಗಲೂ ಬರುತ್ತಾರೆ. ಬೆಟ್ಟ ಹತ್ತುವ ಮುಂಚೆ ಇನ್ಯೀಗೊ ಒರಟು ಗೋಣಿಬಟ್ಟೆ ಕೊಂಡು ನಿಲುವಂಗಿ ಹೊಲಿಸಿಕೊಂಡರು. ಒಂದು ಊರುಗೋಲು, ನೀರಿಗೆ ಒಂದು ಸೋರೆಬುರುಡೆ, ನಾರಿನ ಚಪ್ಪಲಿ. ಚಪ್ಪಲಿಯನ್ನು ಒಂದೇ ಕಾಲಿಗೆ ಹಾಕುತ್ತಿದ್ದರು. ಬಟ್ಟೆ ಸುತ್ತಿದ್ದ ಆ ಬಲಗಾಲು ದಿನವಿಡೀ ಹೇಸರಗತ್ತೆ ಮೇಲೆ ಕೂತು ಬಂದರೂ ಸಂಜೆ ಹೊತ್ತಿಗೆ ಊದಿಕೊಂಡಿರುತ್ತಿತ್ತು. ಆ ಕಾಲಿಗೆ ಮಾತ್ರ ಚಪ್ಪಲಿ. ಇನ್ನೊಂದು ಬರಿಗಾಲು.

ಮಠದಲ್ಲಿ ಮೂರು ದಿನ ಕೂತು ಹುಟ್ಟಿದಾಗಿನಿಂದ ಮಾಡಿದ ಪಾಪಗಳನ್ನೆಲ್ಲ ಬರೆದು ಪಾಪನಿವೇದನೆ ಮಾಡಿದರು. 1522ರ ಮಾರ್ಚ್ 24ರ ರಾತ್ರಿ, ಮಂಗಳವಾರ್ತೆ ಹಬ್ಬದ ಹಿಂದಿನ ದಿನ, ತಮ್ಮ ಬೆಲೆಬಾಳುವ ಉಡುಪನ್ನು ಗುಟ್ಟಾಗಿ ಒಬ್ಬ ಭಿಕ್ಷುಕನಿಗೆ ಕೊಟ್ಟು, ಗೋಣಿಬಟ್ಟೆ ತೊಟ್ಟು ಮರಿಯಮ್ಮನವರ ಪೀಠದ ಮುಂದೆ ಬೆಳಗಿನವರೆಗೆ ನಿಂತೂ ಮೊಣಕಾಲೂರಿಯೂ ಜಾಗರಣೆ ಮಾಡಿದರು. ಕತ್ತಿ, ಕಠಾರಿ ಎರಡನ್ನೂ ಅಲ್ಲೇ ಬಿಟ್ಟರು. ಹೇಸರಗತ್ತೆಯನ್ನು ಮಠಕ್ಕೆ ಕೊಟ್ಟರು. ಆ ಮೊಣಕಾಲಿನಲ್ಲಿ ರಾತ್ರಿಯೆಲ್ಲ ಊರಿ ಕೂರುವುದು ಅಂದರೆ ಏನು ಅಂತ ಶಿಲುಬೆಹಾದಿಯ ಹದಿನಾಲ್ಕು ನಿಲುಗಡೆಗೂ ಮಂಡಿಯೂರುವ ನಮ್ಮ ವಯಸ್ಸಾದ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ.

ಬೆಳಗಾಗಿ ಬೆಟ್ಟ ಇಳಿದು ಹೋಗುವಾಗ ಹಿಂದಿನಿಂದ ಒಬ್ಬ ಓಡಿಬಂದ. ಆ ಭಿಕ್ಷುಕನ ಮೈಮೇಲೆ ದುಬಾರಿ ಬಟ್ಟೆ ನೋಡಿ ಕಳ್ಳತನ ಅಂತ ಹಿಡಿದಿದ್ದಾರೆ, ನಿಜವಾಗಿ ನೀವೇ ಕೊಟ್ಟಿರಾ ಎಂದು ಕೇಳಿದ. ಹೌದೆಂದು ಹೇಳುವಾಗ ಇನ್ಯೀಗೊ ಅವರ ಕಣ್ಣಲ್ಲಿ ನೀರು ಬಂತು. ದಾನ ಮಾಡಿದ್ದರಿಂದಲೇ ಆ ಬಡವನಿಗೆ ತೊಂದರೆಯಾಗಿತ್ತು. ಮೂಳೆ ಕೊಯ್ಯುವಾಗ ತುಟಿ ಬಿಚ್ಚದಿದ್ದ ಮನುಷ್ಯ ಇವರು.

ಹತ್ತಿರದ ಮಾನ್ರೇಸ ಊರಲ್ಲಿ ಕೆಲವು ದಿನ ಇದ್ದು ಹೋಗೋಣ ಅಂತ ಬಂದವರು ಹತ್ತು ತಿಂಗಳ ಮೇಲೆ ಉಳಿದರು. ಇಲ್ಲಿ ಅವರು ಮಾಡಿದ ತಪಸ್ಸನ್ನು ಹೊಗಳಿ ಬರೆಯೋರು ಇದ್ದಾರೆ, ನಾನು ಹೊಗಳೋದಿಲ್ಲ. ಭಿಕ್ಷೆ ಬೇಡಿ ತಿಂದರು, ಮಾಂಸ ಮದ್ಯ ಬಿಟ್ಟರು, ಮೊದಲು ಕೂದಲಿಗೆ ಸಿಂಗಾರ ಮಾಡುತ್ತಿದ್ದೆ ಅಂತ ಈಗ ಬಾಚದೆ ಬಿಟ್ಟರು, ಉಗುರು ಕತ್ತರಿಸಲಿಲ್ಲ. ನಿವೇದನೆ ಮಾಡಿದ ಪಾಪಗಳೇ ಮತ್ತೆ ಮತ್ತೆ ನೆನಪಿಗೆ ಬಂದು, ಇನ್ನೂ ಏನೋ ಹೇಳೋದು ಬಿಟ್ಟಿದ್ದೇನೆ ಎಂಬ ಸಂಶಯದಿಂದ ಪ್ರಾಣ ಬಿಡುವ ಯೋಚನೆಯ ತನಕ ಹೋದರು. ದೇವರು ಬಿಡುಗಡೆ ಕೊಡುವ ತನಕ ಉಣ್ಣೋದಿಲ್ಲ ಅಂತ ಒಂದು ವಾರ ಪೂರ್ತಿ ಉಪವಾಸ ಕೂತರು. ಅವರ ಪಾಪನಿವೇದನೆಯ ಗುರುಗಳು ಉಪವಾಸ ಮುರಿಯಲು ಆಜ್ಞೆ ಮಾಡಬೇಕಾಯಿತು. ಆ ಸಂಶಯದಿಂದ ಕಡೆಗೂ ಬಿಡುಗಡೆ ಸಿಕ್ಕಿತು. ಮುಂದೆ ಒಂದು ದಿನ ಕಾರ್ದೊನೆರ್ ನದಿಯ ದಡದಲ್ಲಿ ಕೂತಿದ್ದಾಗ ಅವರ ಬುದ್ಧಿಗೆ ದೊಡ್ಡ ಬೆಳಕಾಯಿತು. ಜೀವಮಾನದಲ್ಲಿ ಕಲಿತದ್ದೆಲ್ಲ ಸೇರಿದರೂ ಆ ಒಂದು ಗಳಿಗೆಯಷ್ಟಾಗದು ಎಂದು ಮುಂದೆ ತಿಳಿಸಿದ್ದಾರೆ. ಆಧ್ಯಾತ್ಮಿಕ ಸಾಧನೆಗಳು ಎಂಬ ಅವರ ಪ್ರಸಿದ್ಧ ಪುಸ್ತಕದ ಬುಡ ಇಲ್ಲಿಯದು. ಆದರೆ ಅಲ್ಲಿ ಕೆಡಿಸಿಕೊಂಡ ಹೊಟ್ಟೆ ಮಾತ್ರ ಸಾಯುವ ತನಕ ಕಾಡಿತು. ಗುಂಡು ತಾನಾಗಿ ಬಂದದ್ದು, ಹೊಟ್ಟೆನೋವು ಇವರೇ ತಂದುಕೊಂಡದ್ದು. ಮುಂದೆ ಯೇಸುಸಭೆಯ ನಿಯಮಾವಳಿ ಬರೆಯುವಾಗ ಸದಸ್ಯರು ದೇಹದ ಆರೋಗ್ಯ ಕಾಪಾಡಿಕೊಳ್ಳಬೇಕು ಅಂತ ಒಂದು ಅಧ್ಯಾಯವನ್ನೇ ಸೇರಿಸಿದರು. ಕಾಯಿಲೆ ಬಿದ್ದವರು ವೈದ್ಯರ ಮಾತು ಮೀರುವಂತಿರಲಿಲ್ಲ. ಕಾಲಿಗೆ ಪ್ಲಾಸ್ಟರ್ ಇದ್ದರೂ ಹರಕೆ ಅಂತ ಮೆಟ್ಟಿಲು ಹತ್ತಿ ಬರೋರು ಇದನ್ನು ದಯವಿಟ್ಟು ಎರಡು ಸಲ ಓದಬೇಕು.

1523ರಲ್ಲಿ ಜೆರುಸಲೇಮ್ ಯಾತ್ರೆ. ವೆನಿಸ್‌ನಿಂದ ಹಡಗು ಹತ್ತುವ ದಿನ ಕೂಡ ಮೈಗೆ ಹುಷಾರಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಪವಿತ್ರ ನಾಡು ಮುಟ್ಟಿದರು. ಅಲ್ಲೇ ಉಳಿದುಬಿಡಬೇಕು ಅಂತ ಆಸೆ. ಯಾತ್ರಿಕರನ್ನು ನೋಡಿಕೊಳ್ಳುತ್ತಿದ್ದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಒಪ್ಪಲಿಲ್ಲ. ಹೊರಡುವ ಮುಂಚೆ ಯಾರಿಗೂ ಹೇಳದೆ ಓಲಿವ್ ಬೆಟ್ಟಕ್ಕೆ ಓಡಿದರು. ಯೇಸುಸ್ವಾಮಿ ಸ್ವರ್ಗಾರೋಹಣ ಮಾಡುವಾಗ ಪಾದದ ಗುರುತು ಉಳಿದ ಕಲ್ಲು ಅಲ್ಲಿದೆ ಎಂದು ನಂಬಿಕೆ. ಕಾವಲುಗಾರರಿಗೆ ತಮ್ಮ ಚಾಕು ಕೊಟ್ಟು ಒಳಗೆ ಹೋಗಿ ದರ್ಶನ ಮಾಡಿ ಬಂದರು. ಸ್ವಲ್ಪ ದೂರ ಬಂದ ಮೇಲೆ ಬಲಪಾದ ಯಾವ ದಿಕ್ಕಿಗಿತ್ತು, ಎಡಪಾದ ಯಾವ ದಿಕ್ಕಿಗಿತ್ತು ಅಂತ ಸರಿಯಾಗಿ ನೋಡಲಿಲ್ಲವಲ್ಲ ಅನ್ನಿಸಿತು. ವಾಪಸ್ ಹೋಗಿ ಈ ಸಲ ಕತ್ತರಿ ಕೊಟ್ಟು ಮತ್ತೆ ನೋಡಿಕೊಂಡು ಬಂದರು. ಬೆಟ್ಟ ಇಳಿದ ಮೇಲೆ ಇನ್ನೊಂದು ಸಲ ಸ್ವರೂಪ ಮುಟ್ಟಿ ಬರ್ತೀವಿ ಅಂತ ಬಸ್ಸು ನಿಲ್ಲಿಸಿ ಓಡಿಬರೋ ನಮ್ಮ ಜನರನ್ನು ಕಂಡಾಗ ನನಗೆ ಈ ಕತ್ತರಿ ನೆನಪಾಗುತ್ತೆ.

ವಾಪಸ್ ಬಂದು 33ನೇ ವಯಸ್ಸಿನಲ್ಲಿ ಬಾರ್ಸಿಲೋನದಲ್ಲಿ ಚಿಕ್ಕ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಲತೀನ್ ಕಲಿತರು. ಓದಿಲ್ಲದವನು ಉಪದೇಶ ಮಾಡ್ತಾನೆ ಅಂತ ಅನುಮಾನಪಟ್ಟು ಅಲ್ಕಾಲದಲ್ಲಿ 42 ದಿನ, ಸಲಮಾಂಕದಲ್ಲಿ 22 ದಿನ ಸೆರೆಯಲ್ಲಿಟ್ಟರು. ತಪ್ಪು ಸಿಗಲಿಲ್ಲ. 1528ರ ಚಳಿಗಾಲದಲ್ಲಿ ಪುಸ್ತಕಗಳನ್ನು ಒಂದು ಕತ್ತೆಯ ಮೇಲೆ ಹೇರಿ ಆ ಕುಂಟುಗಾಲಲ್ಲೇ ಪ್ಯಾರಿಸ್ ಸೇರಿದರು. ಅಲ್ಲಿ ನಡೆದ ಒಂದು ಸಂಗತಿ ಹೇಳಲೇಬೇಕು. ಅವರು ನಂಬಿ ಕೈಗೆ ಕೊಟ್ಟಿದ್ದ ದುಡ್ಡನ್ನು ಒಬ್ಬ ಸ್ಪೇನಿನ ವಿದ್ಯಾರ್ಥಿ ಪೂರ್ತಿ ಖರ್ಚು ಮಾಡಿಬಿಟ್ಟಿದ್ದ. ಅದರಿಂದ ಇವರು ಭಿಕ್ಷೆಗೆ ಇಳಿಯಬೇಕಾಯಿತು. ಆ ವಿದ್ಯಾರ್ಥಿ ಊರಿಗೆ ಹೋಗುವ ದಾರಿಯಲ್ಲಿ ರುವಾನ್ ಪಟ್ಟಣದಲ್ಲಿ ಕಾಯಿಲೆ ಬಿದ್ದು ಕಾಗದ ಬರೆದ. ಇವರು ಬರಿಗಾಲಲ್ಲಿ, ಊಟ ನೀರು ಬಿಟ್ಟು ಮೂರು ದಿನ ನಡೆದು ಹೋಗಿ ಅವನನ್ನು ಸಮಾಧಾನಪಡಿಸಿ, ಹಡಗು ಹತ್ತಿಸಿ, ಮುಂದಿನ ಊರಿನ ಪರಿಚಯದವರಿಗೆ ಕಾಗದ ಕೊಟ್ಟು ಕಳುಹಿಸಿದರು. ಹೊರಟಾಗ ಭಯ, ಮೈಯೆಲ್ಲ ಭಾರ. ಒಂದು ದಿಣ್ಣೆ ಹತ್ತುವಾಗ ಭಾರ ಇಳಿದು ಹೊಲದ ಮಧ್ಯೆ ದೇವರ ಜೊತೆ ಗಟ್ಟಿಯಾಗಿ ಮಾತಾಡಿಕೊಂಡು ನಡೆದರಂತೆ. ದಾರಿಯಲ್ಲಿ ಬಿದ್ದವನ ಕಷ್ಟ ಏನು ಅಂತ ಡೋಲಿಯಲ್ಲಿ ಬಂದ ಈ ಮನುಷ್ಯನಿಗೆ ಗೊತ್ತಿತ್ತು.

ಪ್ಯಾರಿಸ್‌ನ ಸಂತ ಬಾರ್ಬರ ಕಾಲೇಜಿನಲ್ಲಿ 1529ರಲ್ಲಿ ಅವರಿಗೆ ಸಿಕ್ಕ ಕೋಣೆಯಲ್ಲಿ ಮೊದಲೇ ಇಬ್ಬರಿದ್ದರು. ಒಬ್ಬರು ಪೇತ್ರ ಫಾಬೆರ್, ಕುರಿ ಕಾಯ್ದು ಬೆಳೆದವರು. ಇನ್ನೊಬ್ಬರು ನವಾರದ ಫ್ರಾನ್ಸಿಸ್ ಕ್ಷೇವಿಯರ್. ಪಾಂಪ್ಲೋನ ಯುದ್ಧದಲ್ಲಿ ಕ್ಷೇವಿಯರ್ ಅವರ ಅಣ್ಣಂದಿರು ಇದ್ದದ್ದು ಫ್ರೆಂಚರ ಕಡೆ, ಅಂದರೆ ಇಗ್ನೇಷಿಯಸ್ ಅವರ ಕಾಲು ಮುರಿದವರ ಕಡೆ. ಆ ಮನೆಯ ಕಡೆಯ ಮಗನ ಜೊತೆ ಈ ಕುಂಟುಗಾಲಿನವರು ಒಂದೇ ಸೂರಿನಡಿ ಮಲಗಬೇಕಾಯಿತು. ಕ್ಷೇವಿಯರ್ ಮೊದಮೊದಲು ಇವರನ್ನು ಹಾಸ್ಯ ಮಾಡುತ್ತಿದ್ದರು. ನಿಧಾನಕ್ಕೆ ಕರಗಿದರು. 1534ರ ಆಗಸ್ಟ್ 15ರಂದು, ಸ್ವರ್ಗಸ್ವೀಕೃತ ಮಾತೆಯ ಹಬ್ಬದ ದಿನ, ಏಳು ಜನ ಗೆಳೆಯರು ಮೊಂಮಾರ್ತ್ರ್ ಗುಡ್ಡ ಹತ್ತಿ ಒಂದು ಚಿಕ್ಕ ಗುಡಿಯಲ್ಲಿ ವ್ರತ ತೊಟ್ಟರು. ಇವರ ಕಥೆಯಲ್ಲಿ ದೊಡ್ಡ ಕೆಲಸಗಳೆಲ್ಲ ಬೆಟ್ಟ ಗುಡ್ಡದ ಮೇಲೇ ಆಗಿರುವುದನ್ನು ಗಮನಿಸಿ.

1535ರ ಕೊನೆಯಲ್ಲಿ ಇಟಲಿಯ ಜೆನೋವದಿಂದ ಬೊಲೋನ್ಯಕ್ಕೆ ನಡೆದು ಹೋಗುವಾಗ ದಾರಿ ತಪ್ಪಿದರು. ನದಿ ಕೆಳಗೆ, ಕಾಲುದಾರಿ ಮೇಲೆ, ಹೋಗುತ್ತಾ ಹೋಗುತ್ತಾ ದಾರಿ ಕಿರಿದಾಗಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ ಎಂಬಂತಾಯಿತು. ಕೈಕಾಲೂರಿ ತೆವಳಿಕೊಂಡು, ಅಲುಗಾಡಿದರೆ ನದಿಗೆ ಬೀಳುವ ಭಯದಲ್ಲಿ ಬಹಳ ದೂರ ಹೋದರು. ತಮ್ಮ ಜೀವನದಲ್ಲಿ ಮೈ ಇಷ್ಟು ದಣಿದದ್ದು ಬೇರೆ ಯಾವಾಗಲೂ ಇಲ್ಲ ಎಂದು ತಿಳಿಸಿದ್ದಾರೆ. ಅಷ್ಟೆಲ್ಲ ಪಾರಾಗಿ ಬೊಲೋನ್ಯ ಊರೊಳಗೆ ಕಾಲಿಡುವಾಗ ಚಿಕ್ಕ ಮರದ ಸೇತುವೆಯಿಂದ ಕೆಳಗೆ ಬಿದ್ದರು. ಮೈಯೆಲ್ಲ ಕೆಸರು. ನೋಡಿದವರು ಬಿದ್ದು ಬಿದ್ದು ನಕ್ಕರು. ಊರೆಲ್ಲ ಭಿಕ್ಷೆ ಎತ್ತಿದರೂ ಒಂದು ಕಾಸು ಹುಟ್ಟಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಬೂಟು ಹಿಡಿಸಲ್ಲ ಅಂತ ಮೂಳೆ ಕೊಯ್ಸಿಕೊಂಡವರು ಈ ಸಲ ಕೆಸರು ಒರೆಸಿಕೊಂಡು ಮುಂದೆ ನಡೆದರು.

1537ರಲ್ಲಿ ಗುರುದೀಕ್ಷೆಯಾಯಿತು. 1540ರ ಸೆಪ್ಟೆಂಬರ್ 27ರಂದು ಜಗದ್ಗುರು ಮೂರನೇ ಪೌಲರು ಯೇಸುಸಭೆಗೆ ಮನ್ನಣೆ ಕೊಟ್ಟರು. ಅದಕ್ಕೂ ಮುಂಚೆಯೇ ಪೋರ್ಚುಗಲ್ ರಾಜ ಭಾರತಕ್ಕೆ ಗುರುಗಳು ಬೇಕೆಂದು ಕೇಳಿದ್ದ. ಆರಿಸಿದ್ದವರಲ್ಲಿ ಬೊಬದಿಲ್ಯ ಎಂಬುವರು ಒಬ್ಬರು. ಅವರು ಪ್ರಯಾಣ ಮಾಡಿಕೊಂಡು ರೋಮಿಗೆ ಬಂದು ಕಾಯಿಲೆ ಬಿದ್ದು ಹಾಸಿಗೆ ಹಿಡಿದರು. ಹಡಗಿಗೆ ಹೊತ್ತಾಗುತ್ತಿದೆ. ಇಗ್ನೇಷಿಯಸ್ ಅವರೂ ಆಗ ಹುಷಾರಿಲ್ಲದೆ ಮಲಗಿದ್ದರು. ಕ್ಷೇವಿಯರ್ ಅವರನ್ನು ಕರೆದು ಹೋಗಲು ಹೇಳಿದರು. ಒಂದು ದಿನದಲ್ಲಿ ಹರಿದ ಬಟ್ಟೆ ಹೊಲಿದುಕೊಂಡು ಕ್ಷೇವಿಯರ್ ಹೊರಟರು. ಆ ಒಬ್ಬರ ಕಾಯಿಲೆಯಿಂದ ಕ್ಷೇವಿಯರ್ ನಮ್ಮ ದೇಶಕ್ಕೆ ಬಂದಂತಾಯಿತು. 1542ರ ಮೇ 6ರಂದು ಗೋವೆ ಮುಟ್ಟಿದರು. ಗೆಳೆಯರಿಬ್ಬರೂ ಮತ್ತೆ ಮುಖ ನೋಡಲಿಲ್ಲ. 1553ರಲ್ಲಿ ಇಗ್ನೇಷಿಯಸ್ ಅವರು ಕ್ಷೇವಿಯರ್ ಅವರನ್ನು ವಾಪಸ್ ಬರಲು ಕಾಗದ ಬರೆದಾಗ ಕ್ಷೇವಿಯರ್ ತೀರಿಹೋಗಿ ಆರು ತಿಂಗಳಾಗಿತ್ತು. ಸುದ್ದಿ ಇನ್ನೂ ರೋಮಿಗೆ ಮುಟ್ಟಿರಲಿಲ್ಲ.

ಗೋವೆಯಿಂದ ಯೇಸುಸಭೆಯ ಗುರುಗಳು ಕನ್ನಡ ನಾಡಿಗೂ ಬಂದರು. 17ನೇ ಶತಮಾನದ ಮಧ್ಯದಲ್ಲಿ ಚಿನ್ನಮಿ ಎಂಬ ಇಟಲಿಯ ಗುರುಗಳು ಶ್ರೀರಂಗಪಟ್ಟಣದಲ್ಲಿ ನೆಲೆಸಿ ಕನ್ನಡ ಕಲಿತು ಕನ್ನಡದಲ್ಲೇ ಬರೆದರು. ನಮ್ಮ ಭಾಗದ ಸಂಗತಿ ಹೇಳುವುದಾದರೆ, 1702ರಲ್ಲಿ ಬೂಷೆ ಮತ್ತು ಮೋದ್ವಿ ಎಂಬ ಇಬ್ಬರು ಫ್ರೆಂಚ್ ಯೇಸುಸಭೆಯ ಗುರುಗಳು ಪೂರ್ವದ ಕರ್ನಾಟಿಕ್ ಸೀಮೆಯಿಂದ ಮೈಸೂರು ರಾಜ್ಯದ ಉತ್ತರ ಭಾಗಕ್ಕೆ ಬಂದರೆಂದೂ, ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರದ ಗುಡಿಗಳನ್ನು ಪ್ರಾಯಶಃ ಅವರೇ ಕಟ್ಟಿಸಿದರೆಂದೂ ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿದೆ. ಸೂಲಿಬೆಲೆಯಿಂದ ದೇವನಹಳ್ಳಿ ಎಷ್ಟು ದೂರ? ಬಸ್ಸಿನಲ್ಲಿ ಒಂದು ಗಂಟೆ ಹಿಡಿಯೋದಿಲ್ಲ. ಪಾಂಪ್ಲೋನ ಕೋಟೆಯಲ್ಲಿ ಮುರಿದ ಒಂದು ಕಾಲಿನ ಕಥೆ ನಮ್ಮ ಪಕ್ಕದೂರಿನ ತನಕ ನಡೆದು ಬಂದಿದೆ.

ಕಡೆಯ ಹದಿನೈದು ವರ್ಷ ಇಗ್ನೇಷಿಯಸ್ ರೋಮಿನಲ್ಲೇ ಕಳೆದರು. ಊರೂರು ಸುತ್ತಿದ ಯಾತ್ರಿಕ ಈಗ ಮೇಜಿನ ಮುಂದೆ ಕೂತು ಆರು ಸಾವಿರಕ್ಕೂ ಮೇಲ್ಪಟ್ಟು ಕಾಗದ ಬರೆದರು, ಬರೆಯಿಸಿದರು. ಹೊಟ್ಟೆನೋವು ಬಿಡಲಿಲ್ಲ. 1556ರ ಜುಲೈ 31ರ ಬೆಳಗಿನ ಜಾವ ಹೆಚ್ಚು ಗದ್ದಲವಿಲ್ಲದೆ ತೀರಿಕೊಂಡರು. ಆಗ ಯೇಸುಸಭೆಯಲ್ಲಿ ಸುಮಾರು ಸಾವಿರ ಜನ ಇದ್ದರು. 1622ರ ಮಾರ್ಚ್ 12ರಂದು ಅವರನ್ನೂ ಕ್ಷೇವಿಯರ್ ಅವರನ್ನೂ ಒಂದೇ ದಿನ ಸಂತರೆಂದು ಸಾರಿದರು. ಅದೇ ದಿನ ಅವಿಲದ ಸಂತ ತೆರೇಸಮ್ಮ, ಸಂತ ಫಿಲಿಪ್ ನೇರಿ ಮತ್ತು ಹೊಲ ಉಳುತ್ತಿದ್ದ ಕೂಲಿ ರೈತ ಸಂತ ಇಸಿದೋರ್ ಅವರಿಗೂ ಆ ಪಟ್ಟ ಸಿಕ್ಕಿತು. ಕಾಲು ಮುರಿದು 500 ವರ್ಷವಾದ ನೆನಪಿಗೆ 2021ರ ಮೇ 20ರಿಂದ 2022ರ ಜುಲೈ 31ರ ತನಕ ಪ್ರಪಂಚದಾದ್ಯಂತ ಇಗ್ನೇಷಿಯಸ್ ವರ್ಷ ಆಚರಿಸಿದರು. ಹುಟ್ಟಿದ ದಿನಕ್ಕಲ್ಲ, ಸತ್ತ ದಿನಕ್ಕಲ್ಲ, ಗಾಯವಾದ ದಿನಕ್ಕೆ ಹೀಗೆ ವರ್ಷವಿಡೀ ನೆನಪು ಮಾಡಿದ್ದು ಬೇರೆ ಯಾವ ಸಂತರಿಗೂ ನಾನು ಕಂಡಿಲ್ಲ.

ಲೊಯೋಲದ ಮನೆಯಲ್ಲಿ ಅವರು ಮಲಗಿದ್ದ ಮೇಲಿನ ಮಹಡಿಯ ಕೋಣೆ ಈಗ ಪ್ರಾರ್ಥನಾಲಯವಾಗಿದೆ. ಗಾಯದ ಕಾಲು ಚಾಚಿ, ಕೈಯಲ್ಲಿ ಪುಸ್ತಕ ಹಿಡಿದು ಮೇಲೆ ನೋಡುತ್ತಿರುವ ಅವರ ಸ್ವರೂಪವನ್ನು ಅಲ್ಲಿಟ್ಟಿದ್ದಾರೆ. ರೋಮಿನಲ್ಲಿ ಅವರು ತೀರಿಕೊಂಡ ಕೋಣೆಗಳನ್ನೂ ಉಳಿಸಿಕೊಂಡಿದ್ದಾರೆ. ನೋಡಲು ಹೋದ ಭಕ್ತರಿಗೆ ಅಲ್ಲಿ ಅವರು ತೊಡುತ್ತಿದ್ದ ಹಳೆಯ ಪಾದರಕ್ಷೆಗಳನ್ನು ಈಗಲೂ ತೋರಿಸುತ್ತಾರೆ.